ಸಹಿಯ ಪಕ್ಕದ ವಿಳಾಸ

ಮಾನ್ವಿಯಲ್ಲಿ ಅಕ್ಕಿ ಗಿರಣಿಗಳ ಸಾಲು ಮುಗಿಯುವ ಕಡೆ ಒಂದು ವೇ ಬ್ರಿಡ್ಜ್ ಇದೆ. ಭತ್ತದ ಲಾರಿ ಅದರ ಮೇಲೆ ಹತ್ತಿ ನಿಂತರೆ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ತೂಕ ಮೂಡುತ್ತದೆ. ಒಂದು ಸುಗ್ಗಿಯಲ್ಲಿ ಆ ಕಂಪ್ಯೂಟರಿಗೆ ವಿಚಿತ್ರ ರೋಗ ಅಂಟಿಕೊಂಡಿತು. ಇಳಿದು ಹೋದ ಲಾರಿಯ ತೂಕವನ್ನು ಆಮೇಲೆ ಬಂದ ಲಾರಿಗೆ ತೋರಿಸತೊಡಗಿತು. ಖಾಲಿ ಲಾರಿ ನಿಂತರೂ ತುಂಬಿದ ಲಾರಿಯ ತೂಕ. ಎರಡನೇ ಸಲ ನೋಡಿದರೆ ಎಲ್ಲ ಸರಿ. ತೂಕದ ಕಾಟಾಕ್ಕೆ ದೆವ್ವ ಬಡಿದಿದೆ ಎಂದು ಡ್ರೈವರುಗಳು ತಮಾಷೆ ಮಾಡಿದರು. ಮಾಲೀಕ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ, ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದ.

ನಿಂಬೆಹಣ್ಣಿನಿಂದ ಗುಣವಾಗದಿದ್ದಾಗ ನನ್ನ ಗಂಡನನ್ನು ಕರೆಸಿದರು. ರಾಯಚೂರಿನಲ್ಲಿ ಅವನದು ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ನಾನು ಇದೇ ಊರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಇಬ್ಬರೂ ಕೂಲಿ ಮಾಡುವವರ ಮನೆಯ ಮಕ್ಕಳು, ದೇವದುರ್ಗದ ಹಾಸ್ಟೆಲ್ಲುಗಳಲ್ಲಿ ಇದ್ದು ಓದಿ, ಒಟ್ಟಿಗೆ ಡಿಪ್ಲೊಮಾ ಮುಗಿಸಿ ಮದುವೆಯಾದವರು. ಹಾಗಾಗಿ ನಮ್ಮ ನಡುವೆ ಮೊದಲಿನಿಂದ ಏಕವಚನ. ಅತ್ತೆಯ ಎದುರು ಮಾತ್ರ ನಾನು ‘ಅವರು’ ಎನ್ನುತ್ತಿದ್ದೆ, ಅವನು ಅತ್ತ ತಿರುಗಿ ನಗುತ್ತಿದ್ದ.

ರೋಗದ ಮೂಲವನ್ನು ಅವನೇ ಹಿಡಿದ. ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಇರುತ್ತದೆ. ಅದು ಹಿಂದಿನ ತೂಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತಿತ್ತು. ಕಂಪ್ಯೂಟರ್ ಹೊಸದಾಗಿ ಕೇಳಿದಾಗ ಮೊದಲು ಹಳೆಯದನ್ನೇ ಕಕ್ಕುತ್ತಿತ್ತು. ತಪ್ಪು ಡಬ್ಬಿಯದಲ್ಲ, ಅದನ್ನು ನಡೆಸುವ ತಂತ್ರಾಂಶದ್ದು. ಆ ತಂತ್ರಾಂಶವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಪ್ಪು ಕಂಡರೆ ತಿದ್ದಿ ಇಮೇಲ್‌ನಲ್ಲಿ ಕಳಿಸಬಹುದು. ಹಾಗೆ ಕಳಿಸುವ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಅದರ ಮೇಲ್ಗಡೆ ಬರೆದವರ ಹೆಸರು ಮತ್ತು ಇಮೇಲ್ ವಿಳಾಸ. ಕೆಳಗಡೆ, ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಅರ್ಥದ ಸಹಿ, ಅದರ ಪಕ್ಕ ಮತ್ತೆ ವಿಳಾಸ. ಒಪ್ಪಿಗೆಯಾದರೆ ಆ ಹೆಸರು ಆ ತಂತ್ರಾಂಶದ ಚರಿತ್ರೆಯೊಳಗೆ ಸೇರಿಕೊಳ್ಳುತ್ತದೆ, ಮುಂದೆ ಎಷ್ಟು ಜನ ಏನೇ ತಿದ್ದಿದರೂ ಅಲ್ಲೇ ಇರುತ್ತದೆ.

ಅವನು ಪ್ಯಾಚ್ ಬರೆದ, ಸಹಿ ಹಾಕಿದ, ಭಾನುವಾರ ಕಳಿಸುತ್ತೇನೆ ಎಂದ. ಶುಕ್ರವಾರ ಜ್ವರ ಬಂತು. ಡೆಂಗ್ಯೂ ಅಂದರು. ಭಾನುವಾರ ಬಂದಾಗ ಅವನು ಐಸಿಯುನಲ್ಲಿದ್ದ, ಅದರ ಮುಂದಿನ ಭಾನುವಾರ ಬಂದಾಗ ಇರಲಿಲ್ಲ. ಆ ವಾರದ ಬಗ್ಗೆ ಬರೆಯುವ ಮನಸ್ಸು ನನಗೆ ಈಗಲೂ ಇಲ್ಲ.

ಅವನ ಹೆಸರಿನಲ್ಲಿ ಹೊಲವಿರಲಿಲ್ಲ, ಮನೆಯಿರಲಿಲ್ಲ. ಮಕ್ಕಳೂ ಆಗಿರಲಿಲ್ಲ. ಅಂಗಡಿ ಬಾಡಿಗೆಯದು, ಬೋರ್ಡು ಇಳಿಸಿದ ತಿಂಗಳಿಗೆ ಅಲ್ಲಿ ಮೊಬೈಲ್ ಕವರು ಮಾರುವವರು ಬಂದರು. ಎಲ್ಲಿ ನೋಡಿದರೂ ಅವನ ಗುರುತು ಅಳಿಸುತ್ತ ಹೋಗುತ್ತಿತ್ತು, ಮತ್ತು ಅಳಿಸುವವರ ಮೇಲೆ ಸಿಟ್ಟಾಗುವ ಹಾಗೂ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಕಳಿಸದೆ ಉಳಿದಿದ್ದ ಆ ಪ್ಯಾಚ್ ಕಣ್ಣಿಗೆ ಬಿದ್ದಾಗ ನಾನು ಹಟ ಹಿಡಿದೆ. ಇದು ಸೇರಬೇಕು, ಅವನ ಹೆಸರಿನಲ್ಲೇ ಸೇರಬೇಕು.

ಒಂದು ರಜಾದಿನ ಮಧ್ಯಾಹ್ನ ಅದನ್ನು ನನ್ನ ಇಮೇಲಿನಿಂದ ಕಳಿಸಿದೆ. ಬರೆದವನಿಗೂ ಒಂದು ಪ್ರತಿ ಹೋಗುವುದು ವಾಡಿಕೆ, ಆ ಕೆಲಸವನ್ನು ಕಳಿಸುವ ಸಾಧನ ತಾನೇ ಮಾಡುತ್ತದೆ. ನನಗದು ಗೊತ್ತಿತ್ತು, ಆದರೆ ನೆನಪಿಗೆ ಬರಲಿಲ್ಲ. ಗುಂಡಿ ಒತ್ತಿ ಉಸಿರು ಬಿಡುವುದರೊಳಗೆ ಪಕ್ಕದ ಕೋಣೆಯಲ್ಲಿ ಟಿಣ್ ಎಂದಿತು. ಅತ್ತೆ ಎದ್ದ ಸಪ್ಪಳ ಕೇಳಿಸಿತು. ಅವರು ತಮ್ಮ ಹಳ್ಳಿ ಯಾಪಲದಿನ್ನಿ ಬಿಟ್ಟು ನಮ್ಮ ಜೊತೆಗೇ ಇರುವವರು. ಮಗನ ಫೋನನ್ನು ಬುದ್ಧನ ಪಟದ ಕೆಳಗಿನ ಹಲಗೆಯ ಮೇಲಿಟ್ಟು ದಿನಾ ಬೆಳಿಗ್ಗೆ ಚಾರ್ಜಿಗೆ ಹಾಕುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತರು.

“ಯವ್ವಾ, ಇವಂಗ ಏನೋ ಬಂದದ ನೋಡು.”

ನಾನೇ ಕಳಿಸಿದ್ದೆಂದು ಹೇಳಲು ಬಾಯಿ ಬರಲಿಲ್ಲ. ಆಫೀಸಿನದ್ದು ಅತ್ತಿ, ಇಡ್ರಿ ಎಂದೆ. ಅವನಿಗೆ ಯಾವ ಆಫೀಸೂ ಇರಲಿಲ್ಲ. ಅವರು ಫೋನನ್ನು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಹಲಗೆಯ ಮೇಲಿಟ್ಟರು.

ಅವತ್ತೇ ಸಂಜೆ ಉತ್ತರ ಬಂತು, ಮೊದಲು ಯಂತ್ರದಿಂದ. ಬರೆದವರ ಇಮೇಲ್ ವಿಳಾಸವೂ ಸಹಿಯ ವಿಳಾಸವೂ ಹೊಂದುತ್ತಿಲ್ಲ ಎಂದು ಒಣ ಧ್ವನಿಯ ಎಚ್ಚರಿಕೆ. ಮರುದಿನ ಆ ಭಾಗದ ಮೇಲ್ವಿಚಾರಕರು ಬರೆದರು. ಯಾವುದೋ ತಣ್ಣನೆಯ ದೇಶದವರು, ಬಹಳ ಸಭ್ಯರು. ಒಬ್ಬನೇ ಮನುಷ್ಯನೆಂದು ತಿಳಿಯುತ್ತದೆ, ಆದರೆ ಎರಡು ವಿಳಾಸಗಳಿವೆ, ಎರಡು ಕಡೆಯೂ ಒಂದೇ ಇರಬೇಕು ಎಂದರು. ಇದನ್ನು ಬರೆದವರಿಗೆ ಯಾವ ವಿಳಾಸಕ್ಕೆ ಬರೆದರೆ ಸಿಗುತ್ತದೆ, ಅದನ್ನೇ ಇಟ್ಟು ಮತ್ತೆ ಕಳಿಸಿ ಎಂದು ಮುಗಿಸಿದ್ದರು. ಅವನು ತೀರಿಕೊಂಡದ್ದನ್ನು ನಾನು ಬರೆದಿರಲಿಲ್ಲ. ಆ ಸಾದಾ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ಯಾವ ವಿಳಾಸಕ್ಕೆ ಬರೆದರೆ ಸಿಗುತ್ತಾನೆ ಎಂದು ನನಗೂ ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಎರಡು ವಿಳಾಸ ಹೇಗಾದವೆಂದು ನನಗೆ ಗೊತ್ತಿತ್ತು. ಮೇಲಿನದು ದೇವದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನವನು ಮಾಡಿಕೊಟ್ಟದ್ದು. ಸ್ಕಾಲರ್‌ಶಿಪ್ ಅರ್ಜಿಗೆ ಇಮೇಲ್ ಬೇಕೆಂದಾಗ ನಮ್ಮ ಹಾಸ್ಟೆಲ್ ಹುಡುಗ ಹುಡುಗಿಯರೆಲ್ಲ ಅಲ್ಲಿ ಸಾಲು ನಿಂತಿದ್ದೆವು. ಆ ನೆಟ್ ಸೆಂಟರಿನವನು ಎಲ್ಲರಿಗೂ ತನ್ನ ಅಂಗಡಿಯ ಹೆಸರಿನ ಮುಂದೆ ಹಾಜರಿ ನಂಬರು ಸೇರಿಸಿ ಒಂದೊಂದು ವಿಳಾಸ ಹಂಚಿದ, ಎಲ್ಲದಕ್ಕೂ ತನ್ನದೇ ಫೋನ್ ನಂಬರು ಕೊಟ್ಟ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟ. ಇಡೀ ಹಾಸ್ಟೆಲ್ಲಿನ ಅಂಚೆಪೆಟ್ಟಿಗೆಗಳಿಗೆ ಒಂದೇ ಕೀಲಿಕೈ. ಅದು ತಪ್ಪೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ನನ್ನ ಗಂಡನಿಗೆ ಮಾತ್ರ ಅದರ ಉಪಯೋಗ ಹೊಳೆಯಿತು. ನನ್ನ ಪೆಟ್ಟಿಗೆ ತೆರೆದು, ಕಳಿಸದ ಪತ್ರಗಳ ಜಾಗದಲ್ಲಿ ಎರಡೆರಡು ಸಾಲು ಬರೆದಿಟ್ಟು ಹೋಗುತ್ತಿದ್ದ. ನಾನು ಓದಿ ತಕ್ಷಣ ಅಳಿಸುತ್ತಿದ್ದೆ. ಬೇರೆ ಹುಡುಗಿಯರ ಕೈಯಲ್ಲೂ ಅದೇ ಕೀಲಿಕೈ ಇತ್ತಲ್ಲ.

ಪ್ಯಾಚ್ ಬರೆಯಲು ಕೂತ ದಿನ ಲ್ಯಾಪ್‌ಟಾಪಿನಲ್ಲಿ ಆ ಹಳೆಯ ವಿಳಾಸವೇ ಇತ್ತು. ಕಳಿಸುವ ಮುಂಚೆ, ದೊಡ್ಡವರ ಮುಂದೆ ನೆಟ್ ಸೆಂಟರಿನ ಹೆಸರು ಹೊತ್ತುಕೊಂಡು ಹೋಗಲು ನಾಚಿಕೆಯಾಗಿ, ತನ್ನ ಹೆಸರಿನದೇ ಒಂದು ಹೊಸ ವಿಳಾಸ ಮಾಡಿಕೊಂಡು ಸಹಿಯನ್ನು ಅದರಲ್ಲಿ ಹಾಕಿದ. ಮೇಲಿನದನ್ನು ಬದಲಿಸಲು ಮರೆತ. ಇಷ್ಟೇ.

ಬುದ್ಧಿ ಹೊಸದನ್ನು ಇಡು ಎನ್ನುತ್ತಿತ್ತು. ಮನಸ್ಸು ಹಳೆಯದರ ಕಡೆ ಎಳೆಯಿತು, ನನಗೆ ಪರಿಚಯವಾದ ಹುಡುಗ ಆ ವಿಳಾಸದವನು. ಅದು ಇನ್ನೂ ತೆರೆದುಕೊಳ್ಳುತ್ತದೆಯೋ ನೋಡೋಣವೆಂದರೆ ಪಾಸ್‌ವರ್ಡ್ ಸಾಲದಾಯಿತು, ನೆಟ್ ಸೆಂಟರಿನವನ ಫೋನಿಗೆ ಬರುವ ಓಟಿಪಿ ಕೇಳಿತು. ಫೋನ್ ಮಾಡಿ ಕೇಳಬಹುದಿತ್ತು. ನಾನು ಬಸ್ ಹತ್ತಿ ದೇವದುರ್ಗಕ್ಕೆ ಹೋದೆ.

ಅಂಗಡಿ ಅಲ್ಲೇ ಇತ್ತು, ಈಗ ಜೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಬೆಳೆ ವಿಮೆ ಎಲ್ಲ ಸೇರಿಕೊಂಡಿದ್ದವು. ಅಂಗಡಿಯವನಿಗೆ ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದು ಕುರ್ಚಿ ಕೊಟ್ಟ, ಚಾ ತರಿಸಿದ. ಓಟಿಪಿಯನ್ನು ಕಣ್ಣು ಕಿರಿದು ಮಾಡಿ ಓದಿ ಹೇಳಿದ. ಆಮೇಲೆ ಸಹಜವಾಗಿ ಕೇಳಿದ.

“ನಮ್ಮ ಸಾಹೇಬ್ರು ಹೆಂಗದಾರವ್ವ?”

“ಅದಾರ್ರಿ” ಎಂದುಬಿಟ್ಟೆ.

ಅವನು ತಲೆಯಾಡಿಸಿ ಜೆರಾಕ್ಸ್ ಮಾಡಲು ಎದ್ದ. ಆ ಒಂದು ಶಬ್ದ ಹೇಳಿ ನನಗೆ ಎಷ್ಟು ಹಾಯೆನಿಸಿತೆಂದರೆ, ಕೂಡಲೇ ಭಯವೂ ಆಯಿತು. ಈ ಅಂಗಡಿಯ ಮಟ್ಟಿಗೆ ಅವನು ರಾಯಚೂರಿನಲ್ಲಿ ಚೆನ್ನಾಗಿದ್ದಾನೆ, ಹೆಂಡತಿ ಯಾವುದೋ ಕೆಲಸಕ್ಕೆ ಬಂದು ಹೋಗಿದ್ದಾಳೆ. ಹೀಗೆ ಊರೂರಿಗೆ ಹೋಗಿ ‘ಅದಾರ್ರಿ’ ಎಂದು ಹೇಳಿಕೊಂಡು ತಿರುಗಬಹುದಲ್ಲ ಎಂಬ ಯೋಚನೆ ಬಂತು. ಪೆಟ್ಟಿಗೆ ತೆರೆಯಿತು. ಒಳಗೆ ಪರೀಕ್ಷೆಯ ಸೂಚನೆಗಳು, ಕೋಚಿಂಗ್ ಕ್ಲಾಸುಗಳ ಜಾಹೀರಾತು, ಸಾಲ ಕೊಡುತ್ತೇವೆ ಎನ್ನುವವರು. ಕಳಿಸದ ಪತ್ರಗಳ ಜಾಗ ಖಾಲಿ. ಏನಾದರೂ ಇದ್ದೀತೆಂದು ಬಂದಿದ್ದೆ ಎನ್ನುವುದು ಆ ಖಾಲಿ ಜಾಗ ನೋಡಿದಾಗ ನನಗೇ ತಿಳಿಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ವಾಂತಿ ಬರ್ತದೇನು ಎಂದು ಕೇಳಿ ನಿಂಬೆ ಪೆಪ್ಪರಮೆಂಟು ಕೊಟ್ಟಳು.

ರಾಯಚೂರು ಸೇರುವುದರೊಳಗೆ ಒಂದು ನಿರ್ಧಾರಕ್ಕೆ ಬಂದಿದ್ದೆ. ಮೇಲಿನ ವಿಳಾಸ ಲ್ಯಾಪ್‌ಟಾಪ್ ತಾನೇ ಹಾಕಿದ್ದು. ಸಹಿ ಅವನು ತಿಳಿದು ಹಾಕಿದ್ದು. ಸಹಿಯನ್ನು ನಾನು ಮುಟ್ಟುವಂತಿಲ್ಲ, ಆದ್ದರಿಂದ ಮೇಲಿನದನ್ನೇ ಸಹಿಗೆ ಹೊಂದಿಸಬೇಕು. ಹಾಗೇ ಮಾಡಿ, ಅವನ ಸಹಿಯ ಕೆಳಗೆ ಕಳಿಸುವವಳ ಸಹಿಯೆಂದು ನನ್ನದನ್ನೂ ಸೇರಿಸಿ ಕಳಿಸಿದೆ. ಪಕ್ಕದ ಕೋಣೆಯಲ್ಲಿ ಟಿಣ್ ಎಂದಿತು. ಈ ಸಲ ಅತ್ತೆ ಫೋನು ತರಲಿಲ್ಲ. ಅಲ್ಲಿಂದಲೇ ಕೇಳಿದರು, ಆಫೀಸಿನದ್ದೇನು ಎಂದು.

ವಿಳಾಸದ ತಕರಾರು ಮುಗಿದ ಮೇಲೆ ಕೆಲಸದ ತಕರಾರು ಶುರುವಾಯಿತು. ಮೇಲ್ವಿಚಾರಕರು ಪ್ಯಾಚನ್ನು ಓದಿ, ಆಲೋಚನೆ ಸರಿಯಿದೆ, ಮಾಡುವ ಜಾಗ ಇದಲ್ಲ ಎಂದು ಬರೆದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ತಿದ್ದಿದೆ. ಇನ್ನೊಂದು ಕಡೆ ತೋರಿಸಿದರು, ಅದನ್ನೂ ತಿದ್ದಿದೆ. ಪ್ರತಿ ಸಲ ಕಳಿಸಿದಾಗಲೂ ಆಚೆ ಕೋಣೆಯಲ್ಲಿ ಅವನ ಫೋನು ಕೂಗುತ್ತಿತ್ತು. ನಾನು ತಿದ್ದಿದ್ದನ್ನು ಅವನಿಗೆ ತೋರಿಸುತ್ತಿದ್ದೇನೆ, ಅವನು ಏನೂ ಹೇಳುತ್ತಿಲ್ಲ. ಬದುಕಿದ್ದಾಗ ನಾನು ಅವನ ಕೆಲಸಕ್ಕೆ ಕೈ ಹಾಕಿದರೆ ಮನೆ ಎರಡಾಗುವಂತೆ ಜಗಳಾಡುತ್ತಿದ್ದ. ಈಗಿನ ಸುಮ್ಮನಿರುವಿಕೆ ನನಗೆ ತಡೆಯಲಾಗಲಿಲ್ಲ.

ತಿದ್ದಿದ್ದನ್ನು ಪರೀಕ್ಷಿಸಲು ಮಾನ್ವಿಗೆ ಹೋದೆ. ವೇ ಬ್ರಿಡ್ಜ್ ಮಾಲೀಕ ಅವನ ನೆನಪು ತೆಗೆದು, ಬಂಗಾರದಂಥ ಮನುಷ್ಯ ಎಂದ. ಅಂತ್ಯಕ್ರಿಯೆಗೆ ಬಂದವರೂ ಅದನ್ನೇ ಹೇಳಿದ್ದರು. ತುಂಬಿದ ಲಾರಿ ಇಳಿಯಿತು, ಖಾಲಿ ಲಾರಿ ಹತ್ತಿತು, ಕಂಪ್ಯೂಟರು ಖಾಲಿ ಲಾರಿಯ ತೂಕವನ್ನೇ ತೋರಿಸಿತು. ಸಂತೋಷವಾಗಬೇಕಿತ್ತು. ಅಲ್ಲೇ ಬಾಗಿಲ ಹತ್ತಿರ ಕೂತು ಪ್ಯಾಚನ್ನು ಮತ್ತೊಮ್ಮೆ ಓದಿದೆ. ಅವನು ಬರೆದ ಸಾಲು ಒಂದೂ ಉಳಿದಿರಲಿಲ್ಲ. ಒಂದೊಂದಾಗಿ ನಾನೇ ತೆಗೆದಿದ್ದೆ. ಉಳಿದದ್ದು ಮೇಲಿನ ಹೆಸರು, ಕೆಳಗಿನ ಸಹಿ. ಆ ಸಹಿ ಅವನು ನೋಡದೇ ಇರುವ ಕೆಲಸಕ್ಕೆ ಅಂಟಿಕೊಂಡಿತ್ತು.

ನಮ್ಮ ಕೇರಿಯಲ್ಲಿ ಹಿಂದೆ ಒಂದು ಕೆಟ್ಟ ಕೆಲಸ ನಡೆದದ್ದನ್ನು ಸಣ್ಣವಳಿದ್ದಾಗ ಕೇಳಿದ್ದೆ. ಮುದುಕನೊಬ್ಬ ಸತ್ತ ಮೇಲೆ ಮಣ್ಣು ಮಾಡುವ ಮುಂಚೆ ಯಾರೋ ಬಾಗಿಲು ಮುಚ್ಚಿಕೊಂಡು ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿಕೊಂಡರಂತೆ. ತೊಳೆದರೂ ಆ ಮಸಿ ಹೋಗಲಿಲ್ಲ, ನೀಲಿ ಹೆಬ್ಬೆಟ್ಟಿನೊಂದಿಗೇ ಹೂಳಿದರು ಎಂದು ಅವ್ವ ಹೇಳುತ್ತಿದ್ದಳು. ಎಷ್ಟೋ ದಿನ ಆ ಬೆರಳು ನನ್ನ ಕನಸಿನಲ್ಲಿ ಬರುತ್ತಿತ್ತು. ಮಾನ್ವಿಯ ಆ ಬಾಗಿಲಲ್ಲಿ ಅದು ಮತ್ತೆ ನೆನಪಾಯಿತು. ನಾನು ಮಾಡುತ್ತಿರುವುದೂ ಅದೇ ಅಲ್ಲವೇ ಎನ್ನಿಸಿತು.

ಮನೆಗೆ ಬಂದು ಮೇಲ್ವಿಚಾರಕರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಇದನ್ನು ಬರೆದವನು ನನ್ನ ಗಂಡ, ಅವನಿಲ್ಲ, ಮೊದಲ ಪ್ಯಾಚಿಗೆ ಮಾತ್ರ ಅವನು ತಿಳಿದು ಸಹಿ ಹಾಕಿದ್ದ, ಈಗಿನದಕ್ಕೆ ಆ ಸಹಿ ಹಾಕುವುದು ಮೋಸವೇ, ಹಾಗಾದರೆ ಅವನ ಹೆಸರು ತೆಗೆಯಬೇಕೇ. ಇಂಗ್ಲಿಷಿನಲ್ಲಿ ‘ಇಲ್ಲ’ ಎಂದು ಬರೆಯುವುದು ಸುಲಭವಾಗಿತ್ತು. ಕನ್ನಡದಲ್ಲಿ ನನ್ನ ಬಾಯಿಂದ ಆ ಮಾತು ಆವರೆಗೆ ಹೊರಟಿರಲಿಲ್ಲ.

ಅವರ ಉತ್ತರಕ್ಕೆ ಒಂದಷ್ಟು ದಿನ ಹಿಡಿಯಿತು. ಹೆಸರು ತೆಗೆಯಬೇಕಿಲ್ಲ ಎಂದಿದ್ದರು. ತಪ್ಪನ್ನು ಹುಡುಕಿದವರು ಅವರು, ದಾರಿಯನ್ನೂ ಅವರೇ ತೋರಿಸಿದ್ದಾರೆ, ಬರೆದವರಾಗಿ ಅವರೇ ಇರಲಿ. ಸಹಿಗಳು ಕೈ ಬದಲಾದ ಕ್ರಮದಲ್ಲಿ ಕೂರುತ್ತವೆ. ಅವರ ಸಹಿ ಅವರು ನಿಮ್ಮ ಕೈಗೆ ಕೊಟ್ಟದ್ದಕ್ಕೆ, ಅಷ್ಟಕ್ಕೇ. ಅದರ ಕೆಳಗೆ ಚೌಕ ಕಂಸದೊಳಗೆ ನೀವು ಏನೇನು ಬದಲಿಸಿದಿರೆಂದು ಒಂದು ಸಾಲು ಬರೆಯಿರಿ, ಅದಾದ ಮೇಲೆ ನಿಮ್ಮ ಸಹಿ ಹಾಕಿ. ಓದುವವರಿಗೆ ಯಾರ ಕೆಲಸ ಎಲ್ಲಿ ಮುಗಿಯಿತೆಂದು ತಿಳಿಯುತ್ತದೆ. ಹೀಗೆ ಹಿಂದೆಯೂ ಮಾಡಿದ್ದೇವೆ ಎಂದಿದ್ದರು. ಸಂತಾಪದ ಮಾತು ಒಂದೇ ಸಾಲು. ಅಷ್ಟೇ ಸಾಕಾಗಿತ್ತು.

ಆ ಸಾಲು ಬರೆದೆ, ಕಳಿಸಿದೆ, ಒಪ್ಪಿಗೆಯಾಯಿತು. ಅವನ ಹೆಸರು ಸೇರಿತು. ಅತ್ತೆಗೆ ಪರದೆಯಲ್ಲಿ ತೋರಿಸಿದೆ. ಅವರಿಗೆ ಓದು ಬಾರದು, ಇಂಗ್ಲಿಷಂತೂ ದೂರದ ಮಾತು. ಯಾವ ಜಾಗವೆಂದು ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸಿದೆ. ಇಷ್ಟು ದಿನ ಬಂದದ್ದು ಆಫೀಸಿನವಲ್ಲ, ನಾನೇ ಕಳಿಸುತ್ತಿದ್ದವು ಎಂದೂ ಹೇಳಿದೆ. ಅವರಿಗೆ ಗೊತ್ತಿತ್ತಂತೆ. ನೀನು ಗುಂಡಿ ಒತ್ತಿದ ಮ್ಯಾಲೇ ಬರ್ತಿತ್ತಲ್ಲ ಎಂದರು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಇನ್ನೊಂದು ಇಮೇಲ್ ಬಂತು, ನನಗಲ್ಲ, ಅವನಿಗೆ. ನನಗೆ ಬರೀ ಪ್ರತಿ. ಆ ಇಮೇಲ್ ಬರೆದವನು ಎಲ್ಲಿಯವನೋ ಗೊತ್ತಿಲ್ಲ, ಹಾಲಿನ ಡೇರಿಯ ಯಂತ್ರಗಳನ್ನು ನೋಡಿಕೊಳ್ಳುವವನು. ಅವನ ಕಡೆಯೂ ಅದೇ ಡಬ್ಬಿ. ಅವನ ಯಂತ್ರ ಸಂಪರ್ಕ ಸಿಕ್ಕ ಕ್ಷಣದಲ್ಲೇ ಮಾತಾಡಲು ಶುರುಮಾಡುವಂಥದ್ದು. ಹಳೆಯದನ್ನು ಎಸೆಯುವ ನಮ್ಮ ತಿದ್ದುಪಡಿ ಅದರ ಹೊಸ ಮಾತನ್ನೂ ಎಸೆಯುತ್ತಿತ್ತು. ಕಟುವಾಗಿ ಬರೆದಿದ್ದ. ನನ್ನ ಗಂಡನ ಹೆಸರು ಹಿಡಿದು, ನೀವು ಬೇರೆ ಯಂತ್ರಗಳ ಬಗ್ಗೆ ಯೋಚಿಸಲೇ ಇಲ್ಲವೇ ಎಂದು ಕೇಳಿದ್ದ. ಮೇಲ್ವಿಚಾರಕರು ನನಗೆ ಬರೆದರು, ಬೇಗ ಸರಿಪಡಿಸದಿದ್ದರೆ ಪ್ಯಾಚನ್ನು ಹಿಂದಕ್ಕೆ ತೆಗೆಯಬೇಕಾಗುತ್ತದೆ ಎಂದು. ತೆಗೆದರೂ ಹೆಸರು ಇರುತ್ತದೆ, ಆದರೆ ಅವನ ಕೆಲಸ ಇರುವುದಿಲ್ಲ. ಅದರ ಬದಲು, ಇದು ತೊಂದರೆ ಮಾಡಿತು, ತೆಗೆದಿದ್ದೇವೆ ಎಂಬ ಟಿಪ್ಪಣಿ ಎಂದೆಂದಿಗೂ ಅಲ್ಲಿರುತ್ತದೆ.

ಆ ಪತ್ರಗಳನ್ನು ಇನ್ನೊಮ್ಮೆ ಓದುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬಂದು, ಈ ಸಲ ನೀನು ಒತ್ತಿಲ್ಲ, ಯಾರದು ಎಂದು ಕೇಳಿದರು. ಮುಚ್ಚಿಡುವ ಶಕ್ತಿ ಇರಲಿಲ್ಲ. ದೂರದವನೊಬ್ಬ ಅವರ ಮೇಲೆ ತಕರಾರು ಮಾಡಿದ್ದಾನೆ, ತಪ್ಪು ಮಾಡಿದ್ದಾರೆ ಎಂದು ಬರೆದಿದ್ದಾನೆ ಎಂದೆ. ಅವರು ಕೂತರು. ಓದು ಎಂದರು. ಕನ್ನಡ ಮಾಡಿ ಓದಿದೆ, ಕಟು ಮಾತನ್ನೂ ಬಿಡಲಿಲ್ಲ.

ಅವರ ಮುಖದಲ್ಲಿ ನಾನು ತಿಂಗಳುಗಟ್ಟಲೆ ನೋಡದಿದ್ದ ಒಂದು ಬೆಳಕು ಬಂತು.

“ಅವಾ ಹೋದ ದಿನದಿಂದ ಎಲ್ಲಾರೂ ಬಂಗಾರದಂಥ ಮಗ, ಬಂಗಾರದಂಥ ಮಗ ಅನ್ನಾಕತ್ಯಾರ. ಅವಾ ಸತ್ತಾನ ಅಂತ ದಿನಾ ಹೇಳಿಧಂಗ ಆಗ್ತದವ್ವ ನನಗ. ಇವನೊಬ್ಬ ಬೈದಾನ ನೋಡು. ಇವಂಗ ಗೊತ್ತಿಲ್ಲ. ಇವನ ಲೆಕ್ಕದಾಗ ನನ್ನ ಮಗ ಇನ್ನಾ ಅದಾನ.”

ಇನ್ನೊಮ್ಮೆ ಓದಿಸಿಕೊಂಡರು. ಮರುದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಮೊದಲಿಂದಲೂ ಹಂಗೇ ಅವಾ, ಹಿಂದ ಮುಂದ ನೋಡೂದಿಲ್ಲ ಎಂದು ಮಗನನ್ನು ತಾವೇ ಗೊಣಗಿ ಬೈದರು. ಆ ವಾರವೆಲ್ಲ ಬೈದರು. ಚಪ್ಪಲಿ ಬಿಟ್ಟ ಕಡೆ ಬಿಡುತ್ತಿದ್ದದ್ದು, ಹೇಳದೆ ಮಾನ್ವಿಗೆ ಹೋಗಿ ಊಟ ಆರಲು ಬಿಡುತ್ತಿದ್ದದ್ದು, ಎಲ್ಲ ಹೊರಬಂತು. ಮನೆಯಲ್ಲಿ ಅವನು ಓಡಾಡಿದಂತಾಗುತ್ತಿತ್ತು. ನಾನೂ ಎರಡು ಮಾತು ಸೇರಿಸಿದೆ, ಮನಸಾರೆ.

ಅದರ ನಡುವೆ ನಾನು ಕೆಲಸ ಮಾಡುತ್ತಿದ್ದೆ. ಎಸೆಯುವ ಕೆಲಸವನ್ನು ಸಂಪರ್ಕ ಕೊಡುವ ಮುಂಚೆಯೇ ಮುಗಿಸಿಬಿಟ್ಟರೆ ಎರಡು ಯಂತ್ರಗಳಿಗೂ ನ್ಯಾಯ ಸಿಗುತ್ತಿತ್ತು. ಮತ್ತೆ ಮಾನ್ವಿಗೆ ಹೋಗಿ ಲಾರಿ ಹತ್ತಿಸಿ ಇಳಿಸಿ ನೋಡಿಕೊಂಡು ಬಂದೆ. ಈ ಪ್ಯಾಚಿನ ಮೇಲೆ ನನ್ನ ಹೆಸರು, ಕೆಳಗೆ ನನ್ನ ಸಹಿ, ಎರಡೂ ಕಡೆ ಒಂದೇ ವಿಳಾಸ. ನಡುವೆ, ಇದು ಇಂಥ ಪ್ಯಾಚಿನ ತಪ್ಪನ್ನು ಸರಿಪಡಿಸುತ್ತದೆ ಎಂದು ಅವನದನ್ನು ಹೆಸರಿಸುವ ಸಾಲು. ಯಂತ್ರ ಯಾವ ಎಚ್ಚರಿಕೆಯನ್ನೂ ಕಳಿಸಲಿಲ್ಲ. ಡೇರಿಯವನು ತನ್ನ ಕಡೆ ಪರೀಕ್ಷಿಸಿ ಸರಿಯಾಗಿದೆ, ಇನ್ನು ದೂರಿಲ್ಲ ಎಂದು ಬರೆದ. ಮೇಲ್ವಿಚಾರಕರು ಒಪ್ಪಿಕೊಂಡರು. ಅವನ ಕೆಲಸ ಉಳಿಯಿತು. ನನಗೆ ಹೆಮ್ಮೆಯಾಯಿತು, ಕುಣಿಯುವಷ್ಟು.

ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಓಡಿಹೋಗಿ ಹೇಳಿದೆ.

“ಅತ್ತಿ, ಎಲ್ಲಾ ಸರಿ ಆತ್ರಿ. ಆ ಮನುಷ್ಯಾ ಒಪ್ಪಿಗೊಂಡ. ಇನ್ನ ಅವರ ಮ್ಯಾಲ ಏನೂ ತಕರಾರಿಲ್ಲ.”

“ಏನೂ ಇಲ್ಲೇನು?”

“ಏನೂ ಇಲ್ರಿ.”

ಅವರು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮೊರದಲ್ಲಿ ಹಾಕಿದರು. ಆಸ್ಪತ್ರೆಯಿಂದ ಅವನನ್ನು ತಂದ ದಿನ ಅತ್ತ ಹಾಗೆಯೇ ಅಳತೊಡಗಿದರು.